ಒಂದೇ ಮನೆತನದ ಎರಡು ಪ್ರೊಸೆಸರ್‌ಗಳು: ಆಟಕ್ಕೆ ಯಾವುದು, ಕಚೇರಿಗೆ ಯಾವುದು?

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಹೊಂದಿಕೊಳ್ಳದ ಹಳೆಯ ಗಣಕಯಂತ್ರಗಳನ್ನು ಬದಲಿಸಬೇಕಾದ ಒತ್ತಡ ಇದರಿಂದ ಅನೇಕ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಮೇಲೆ ಬಿದ್ದಿದೆ. ಇಂತಹ ಸಂದರ್ಭದಲ್ಲಿ ತರಿಸಿಕೊಳ್ಳುವ ದರಪಟ್ಟಿಗಳಲ್ಲಿ ಎರಡು ಹೆಸರುಗಳು ಅಕ್ಕಪಕ್ಕದಲ್ಲಿ ಕಾಣಿಸುವುದುಂಟು: ಎಎಂಡಿ ಸಂಸ್ಥೆಯ ರೈಜೆನ್ 7 9700ಎಕ್ಸ್ ಮತ್ತು ರೈಜೆನ್ 7 9800ಎಕ್ಸ್3ಡಿ. ಎರಡನೆಯದು ದುಬಾರಿ; 'ಆಟಗಳಿಗೆ ಅತಿ ವೇಗದ್ದು' ಎಂಬ ಖ್ಯಾತಿಯೂ ಅದಕ್ಕಿದೆ. ಆಟವನ್ನೇ ಓಡಿಸಬಲ್ಲದ್ದು ಲೆಕ್ಕಪತ್ರವನ್ನು ಇನ್ನೂ ಚುರುಕಾಗಿ ಓಡಿಸಲಾರದೇ ಎಂಬ ಯೋಚನೆ ಕೊಳ್ಳುವವರಿಗೆ ಬರುವುದು ಸಹಜ. ಈ ಯೋಚನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹೋಲಿಕೆಗೆ ಈ ಜೋಡಿ ಬಹಳ ಅನುಕೂಲವಾದದ್ದು. ಎರಡೂ 'ಝೆನ್ 5' ಎಂಬ ಒಂದೇ ವಿನ್ಯಾಸಕ್ಕೆ ಸೇರಿದವು; ಎರಡರಲ್ಲೂ ಎಂಟು ಕೋರ್‌ಗಳಿದ್ದು ಏಕಕಾಲಕ್ಕೆ ಹದಿನಾರು ಎಳೆಗಳ ಕೆಲಸವನ್ನು ನಿರ್ವಹಿಸಬಲ್ಲವು; ಎರಡೂ ಎಎಂ5 ಎಂಬ ಒಂದೇ ಸಾಕೆಟ್‌ನಲ್ಲಿ ಕೂರುತ್ತವೆ ಮತ್ತು ಡಿಡಿಆರ್5 ಮೆಮೊರಿಯನ್ನೇ ಬಳಸುತ್ತವೆ. 9700ಎಕ್ಸ್ 2024ರ ಆಗಸ್ಟ್‌ನಲ್ಲಿ 359 ಡಾಲರ್ ಘೋಷಿತ ಬೆಲೆಗೆ, 9800ಎಕ್ಸ್3ಡಿ ಅದೇ ವರ್ಷದ ನವೆಂಬರ್‌ನಲ್ಲಿ 479 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದವು. ಅಂದರೆ ಎರಡನೆಯದಕ್ಕೆ ಸುಮಾರು ಮೂರನೇ ಒಂದು ಪಾಲಿನಷ್ಟು ಹೆಚ್ಚು ಹಣ ತೆರಬೇಕು. ವಿಚಿತ್ರವೆಂದರೆ, ಗರಿಷ್ಠ ವೇಗದ ಅಂಕಿಯಲ್ಲಿ ಅಗ್ಗದ ಪ್ರೊಸೆಸರ್ರೇ ಮುಂದಿದೆ. 9700ಎಕ್ಸ್ 5.5 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು, 9800ಎಕ್ಸ್3ಡಿ 5.2ಕ್ಕೆ ನಿಲ್ಲುತ್ತದೆ. ಹಾಗಿದ್ದೂ ಆಟಗಳಲ್ಲಿ ಗೆಲ್ಲುವುದು ಎರಡನೆಯದೇ.

ಗಿಗಾಹರ್ಟ್ಸ್ ನೋಡಿ ಕೊಳ್ಳುವ ಅಭ್ಯಾಸ ನಮ್ಮ ಮಾರುಕಟ್ಟೆಗೆ ಹಳೆಯದು. ಪೆಂಟಿಯಂ 4ರ ಕಾಲದಲ್ಲಿ ಆ ಅಂಕಿಯೇ ವ್ಯಾಪಾರದ ಭಾಷೆಯಾಗಿತ್ತು. ಅದಕ್ಕೆ ಬೇಸತ್ತ ಎಎಂಡಿ, 2001ರಲ್ಲಿ 1.53 ಗಿಗಾಹರ್ಟ್ಸ್‌ನ ತನ್ನ ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರ್‌ಗೆ '1800+' ಎಂದು ಹೆಸರಿಟ್ಟು ಮಾರಿತು. 2004ರಲ್ಲಿ ಇಂಟೆಲ್ ಕೂಡ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಕೈಬಿಟ್ಟಿತು. ಅಂಕಿಯ ಓಟ ಅಲ್ಲಿಗೆ ನಿಂತರೂ ಕೊಳ್ಳುವವರ ಕಣ್ಣು ಮಾತ್ರ ಇಂದಿಗೂ ಮೊದಲು ಅಲ್ಲಿಗೇ ಹೋಗುತ್ತದೆ.

ಕೈಗೆಟುಕುವ ದಾಸ್ತಾನು

ಎರಡು ಪ್ರೊಸೆಸರ್‌ಗಳ ನಡುವಣ ಮುಖ್ಯ ವ್ಯತ್ಯಾಸ ಇರುವುದು ಕ್ಯಾಶ್ ಎಂಬ ಭಾಗದಲ್ಲಿ. ಇದು ಗಲ್ಲಾಪೆಟ್ಟಿಗೆಯ ಕ್ಯಾಶ್ ಅಲ್ಲ. ಪ್ರೊಸೆಸರ್‌ನ ಒಳಗೇ, ಕೋರ್‌ಗಳ ಪಕ್ಕದಲ್ಲಿ ಕೂಡಿಟ್ಟ ಮಾಹಿತಿಯ ದಾಸ್ತಾನು. ಕಿರಾಣಿ ವರ್ತಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಿರಾಕಿ ಕೇಳಿದ ಸಾಮಾನು ಮುಂದಿನ ಕಪಾಟಿನಲ್ಲಿದ್ದರೆ ಕ್ಷಣದಲ್ಲಿ ಕೊಡಬಹುದು. ಹಿಂದಿನ ಗೋದಾಮಿನಿಂದ ತರಬೇಕಾದರೆ ಗಿರಾಕಿಯೂ ಕಾಯಬೇಕು, ಅಂಗಡಿಯವನೂ ಕಾಯಬೇಕು. ಅಂಗಡಿಯ ಹುಡುಗ ಎಷ್ಟೇ ಚುರುಕಾಗಿದ್ದರೂ ಗೋದಾಮಿನ ದೂರ ಕಡಿಮೆಯಾಗದು.

ಪ್ರೊಸೆಸರ್‌ನಲ್ಲಿ ಈ ದೂರ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 5 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರ್ ಒಂದು ನ್ಯಾನೋಸೆಕೆಂಡಿಗೆ ಐದು ಹೆಜ್ಜೆ ಇಡುತ್ತದೆ. ಮೂರನೇ ಹಂತದ ಕ್ಯಾಶ್‌ನಲ್ಲಿರುವ ಮಾಹಿತಿ ಸುಮಾರು 50 ಹೆಜ್ಜೆಗಳಷ್ಟು ಹೊತ್ತಿನಲ್ಲಿ ಕೈಸೇರುತ್ತದೆ. ಅಲ್ಲಿ ಇಲ್ಲದೆ ಹೊರಗಿನ ಮೆಮೊರಿಯಿಂದ ತರಿಸಬೇಕಾದರೆ 70ರಿಂದ 80 ನ್ಯಾನೋಸೆಕೆಂಡು, ಅಂದರೆ 350ರಿಂದ 400 ಹೆಜ್ಜೆಗಳ ಕಾಲ ಬೇಕು. ಆ ಅವಧಿಯ ಬಹುಭಾಗ ಕೋರ್ ಕೈಕಟ್ಟಿ ಕುಳಿತಿರುತ್ತದೆ. 5.2ಕ್ಕೆ ಬದಲಾಗಿ 5.5 ಗಿಗಾಹರ್ಟ್ಸ್ ಇದ್ದರೆ, ಸುಮ್ಮನೆ ಕುಳಿತಿರುವ ಹೆಜ್ಜೆಗಳ ಎಣಿಕೆ ಹೆಚ್ಚಬಹುದೇ ಹೊರತು ಮಾಹಿತಿ ಬೇಗ ಬರುವುದಿಲ್ಲ.

9700ಎಕ್ಸ್‌ನಲ್ಲಿ ಎಂಟು ಕೋರ್‌ಗಳು ಹಂಚಿಕೊಳ್ಳುವ ಮೂರನೇ ಹಂತದ ಕ್ಯಾಶ್ 32 ಮೆಗಾಬೈಟ್. 9800ಎಕ್ಸ್3ಡಿಯಲ್ಲಿ ಅದು 96 ಮೆಗಾಬೈಟ್. ಹೆಚ್ಚುವರಿ 64 ಮೆಗಾಬೈಟ್ ಇರುವ ಇನ್ನೊಂದು ಸಿಲಿಕಾನ್ ಹಾಳೆಯನ್ನು ಕೋರ್‌ಗಳ ಹಾಳೆಗೆ ಜೋಡಿಸಿ ಒಂದರ ಮೇಲೊಂದು ಅಂತಸ್ತು ಕಟ್ಟಿದಂತೆ ಮಾಡಲಾಗಿದೆ. ಹೆಸರಿನ ಕೊನೆಯ '3ಡಿ' ಸೂಚಿಸುವುದು ಇದನ್ನೇ. ಮನೆ ಬಳಕೆಯ ಪ್ರೊಸೆಸರ್‌ಗಳಲ್ಲಿ ಈ ವಿಧಾನ ಮೊದಲು ಬಂದದ್ದು 2022ರ ಏಪ್ರಿಲ್‌ನ ರೈಜೆನ್ 7 5800ಎಕ್ಸ್3ಡಿಯಲ್ಲಿ. ಆಗ ಕ್ಯಾಶ್ ಹಾಳೆಯನ್ನು ಕೋರ್‌ಗಳ ಮೇಲೆ ಇಡಲಾಗಿತ್ತು. ಕೋರ್‌ಗಳ ಶಾಖ ಮೇಲಿನ ತಂಪುಕಾರಕವನ್ನು ತಲುಪುವ ದಾರಿಯಲ್ಲಿ ಅದೊಂದು ಕಂಬಳಿಯಂತಾಗಿ, ವೇಗವನ್ನು ತಗ್ಗಿಸಬೇಕಾಯಿತು. 9800ಎಕ್ಸ್3ಡಿಯಲ್ಲಿ ಕ್ಯಾಶ್ ಹಾಳೆಯನ್ನು ಕೆಳಗಿಟ್ಟು ಕೋರ್‌ಗಳನ್ನು ಮೇಲಕ್ಕೆ ತಂದಿರುವುದರಿಂದ ಆ ತೊಡಕು ಬಹುಮಟ್ಟಿಗೆ ನಿವಾರಣೆಯಾಗಿದೆ. ಇದರ ಮೂಲ ವೇಗ 4.7 ಗಿಗಾಹರ್ಟ್ಸ್ ಇರುವುದೂ, ಬಳಕೆದಾರರು ಬಯಸಿದರೆ ವೇಗವನ್ನು ಇನ್ನಷ್ಟು ಏರಿಸಿಕೊಳ್ಳಲು ಅವಕಾಶವಿರುವುದೂ ಈ ಕಾರಣದಿಂದಲೇ.

ಈ ಪ್ರೊಸೆಸರ್‌ಗಳನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರವಾದ 'ಟೆಕ್ನೋಸ್ಟಾರ್' ಇರುವುದು ಬೆಂಗಳೂರಿನಲ್ಲಿ, 2023ರ ನವೆಂಬರ್‌ನಿಂದ, ಎಂಬುದನ್ನು ಓದುಗರು ಗಮನಿಸಬಹುದು.

ಆಟದಲ್ಲಿ ಲಾಭ ಏಕೆ?

ಆಧುನಿಕ ಆಟವೊಂದರಲ್ಲಿ ಪರದೆಯ ಪ್ರತಿ ಚಿತ್ರವನ್ನು ರಚಿಸುವ ಮೊದಲು ನೂರಾರು ಪಾತ್ರ, ವಸ್ತು, ಗುಂಡು, ನೆರಳುಗಳ ಸ್ಥಿತಿಯನ್ನು ಪ್ರೊಸೆಸರ್ ಲೆಕ್ಕ ಹಾಕಬೇಕು. ಸೆಕೆಂಡಿಗೆ 60 ಚಿತ್ರಗಳಾದರೆ ಒಂದಕ್ಕೆ 16.7 ಮಿಲಿಸೆಕೆಂಡು ಸಿಗುತ್ತದೆ. ಸ್ಪರ್ಧಾತ್ಮಕ ಆಟಗಾರರು ಬಯಸುವ 240 ಚಿತ್ರಗಳಾದರೆ ಕೇವಲ 4.2 ಮಿಲಿಸೆಕೆಂಡು. ಈ ಮಾಹಿತಿಯು ಮೆಮೊರಿಯ ಉದ್ದಗಲಕ್ಕೂ ಚದುರಿಕೊಂಡಿದ್ದು, ಮುಂದೆ ಯಾವುದು ಬೇಕಾದೀತೆಂದು ಮೊದಲೇ ಊಹಿಸುವುದು ಕಷ್ಟ. ಇಂತಹ ಕೆಲಸಕ್ಕೆ ದೊಡ್ಡ ಕ್ಯಾಶ್ ಹೇಳಿ ಮಾಡಿಸಿದಂತಿದೆ. ಫ್ಲೈಟ್ ಸಿಮ್ಯುಲೇಟರ್, ಕೌಂಟರ್-ಸ್ಟ್ರೈಕ್ 2, ಫ್ಯಾಕ್ಟೋರಿಯೋದಂತಹ ಆಟಗಳಲ್ಲಿ ಇದರ ಪ್ರಯೋಜನ ಢಾಳಾಗಿ ಕಾಣುತ್ತದೆ. ಸರಾಸರಿ ವೇಗಕ್ಕಿಂತಲೂ ಮುಖ್ಯವಾದದ್ದು ನಡುನಡುವೆ ಆಟ ತಡವರಿಸುವ ಕ್ಷಣಗಳು ಕಡಿಮೆಯಾಗುವುದು. ಆಡುವವನಿಗೆ ಸರಾಸರಿ ಕಾಣುವುದಿಲ್ಲ, ತಡವರಿಕೆ ಕಾಣುತ್ತದೆ.

ಆದರೆ ಪತ್ರಿಕೆಗಳಲ್ಲಿ ಪ್ರಕಟವಾಗುವ ಪರೀಕ್ಷಾ ಫಲಿತಾಂಶಗಳನ್ನು ಓದುವಾಗ ಎಚ್ಚರ ಅಗತ್ಯ. ಅವುಗಳಲ್ಲಿ ಬಹುಪಾಲು ಪರೀಕ್ಷೆಗಳನ್ನು 1080 ರೇಖೆಗಳ ಸಾಧಾರಣ ಪರದೆಯಲ್ಲಿ, ಮಾರುಕಟ್ಟೆಯ ಅತ್ಯಂತ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬಳಸಿ ನಡೆಸಲಾಗಿರುತ್ತದೆ. ಪ್ರೊಸೆಸರ್‌ನ ಸಾಮರ್ಥ್ಯವನ್ನು ಪ್ರತ್ಯೇಕಿಸಿ ಅಳೆಯಲು ಅದು ಸರಿಯಾದ ವಿಧಾನವೇ. ಕೊಳ್ಳುವವರ ಪರಿಸ್ಥಿತಿ ಹಾಗಿರುವುದಿಲ್ಲ. ಮಧ್ಯಮ ದರದ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ, ಅಥವಾ 4ಕೆ ಪರದೆಯಲ್ಲಿ ಆಡುವಲ್ಲಿ, ಕಾಯಿಸುವುದು ಗ್ರಾಫಿಕ್ಸ್ ಕಾರ್ಡೇ ಆಗಿರುವುದರಿಂದ ಎರಡು ಪ್ರೊಸೆಸರ್‌ಗಳ ಅಂತರ ಬಹುತೇಕ ಕರಗಿಹೋಗುತ್ತದೆ. ಅಂತಹವರು 9700ಎಕ್ಸ್ ಕೊಂಡು ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವುದೇ ಜಾಣತನ. ಗೇಮಿಂಗ್ ಕೇಂದ್ರ ನಡೆಸುವವರ ಲೆಕ್ಕ ಬೇರೆ. ಅಲ್ಲಿ ಸಾಧಾರಣ ಪರದೆ, ಹೆಚ್ಚಿನ ಚಿತ್ರಗತಿ ಹಾಗೂ ಸ್ಪರ್ಧಾತ್ಮಕ ಆಟಗಳೇ ಮುಖ್ಯವಾದ್ದರಿಂದ 9800ಎಕ್ಸ್3ಡಿಗೆ ಕೊಟ್ಟ ಹೆಚ್ಚಿನ ಬೆಲೆ ದುಡಿಯುತ್ತದೆ.

ಕಚೇರಿಯ ಮೇಜಿನ ಮೇಲೆ

ಬಿಲ್ಲಿಂಗ್, ಲೆಕ್ಕಪತ್ರ, ಪತ್ರ ವ್ಯವಹಾರ, ಅಂತರ್ಜಾಲ ವೀಕ್ಷಣೆ ಇವುಗಳಲ್ಲಿ ಚಿತ್ರ ಬದಲಾಗುತ್ತದೆ. ಒಮ್ಮೆಗೆ ಬೇಕಾಗುವ ಮಾಹಿತಿ ಚಿಕ್ಕದು. 32 ಮೆಗಾಬೈಟ್ ಕಪಾಟಿನಲ್ಲೇ ಅದಕ್ಕೆ ಜಾಗ ಸಾಕು. ಹೀಗಾಗಿ ಹೆಚ್ಚಿನ ಗಿಗಾಹರ್ಟ್ಸ್ ಉಳ್ಳ 9700ಎಕ್ಸ್ ಇಲ್ಲಿ ಸರಿಸಮವಾಗಿ, ಕೆಲವೊಮ್ಮೆ ಕೂದಲೆಳೆಯಷ್ಟು ಮುಂದೆಯೇ ನಿಲ್ಲುತ್ತದೆ. ಕುಳಿತು ಕೆಲಸ ಮಾಡುವವರಿಗೆ ಈ ವ್ಯತ್ಯಾಸ ತಿಳಿಯುವುದೂ ಇಲ್ಲ. ಕಚೇರಿಯ ಯಂತ್ರ ನಿಧಾನವೆನಿಸುವುದು ಸಾಮಾನ್ಯವಾಗಿ ಹಳೆಯ ಹಾರ್ಡ್ ಡಿಸ್ಕ್, ಸಾಲದ ಮೆಮೊರಿ ಅಥವಾ ಸೊರಗಿದ ನೆಟ್‌ವರ್ಕ್‌ನಿಂದ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಜಾಲತಾಣಕ್ಕಾಗಿ ಕಾಯುವ ಹೊತ್ತನ್ನು ಯಾವ ಪ್ರೊಸೆಸರೂ ಕಡಿಮೆ ಮಾಡದು.

ಇಪ್ಪತ್ತು ಮೇಜುಗಳಿರುವ ಕಚೇರಿಯೊಂದು ಖ್ಯಾತಿಗೆ ಮರುಳಾಗಿ 9800ಎಕ್ಸ್3ಡಿಯನ್ನೇ ಆರಿಸಿದರೆ, ಘೋಷಿತ ಬೆಲೆಯ ಲೆಕ್ಕದಲ್ಲಿ 2,400 ಡಾಲರ್ ಹೆಚ್ಚು ತೆರಬೇಕಾಗುತ್ತದೆ. ಇದು ಆರು 9700ಎಕ್ಸ್ ಪ್ರೊಸೆಸರ್‌ಗಳ ಬೆಲೆಗಿಂತಲೂ ಹೆಚ್ಚು. ನಿಜ ಹೇಳಬೇಕೆಂದರೆ, ಬರೀ ಬಿಲ್ಲಿಂಗ್ ಮತ್ತು ಲೆಕ್ಕಪತ್ರಕ್ಕೆ 9700ಎಕ್ಸ್ ಕೂಡ ಅಗತ್ಯಕ್ಕಿಂತ ದೊಡ್ಡದು. ಆರು ಕೋರ್‌ಗಳ ಅಗ್ಗದ ಪ್ರೊಸೆಸರ್, ಒಳ್ಳೆಯ ಎಸ್‌ಎಸ್‌ಡಿ ಮತ್ತು 16 ಗಿಗಾಬೈಟ್ ಮೆಮೊರಿ ಇದ್ದರೆ ಕೆಲಸ ನಡೆಯುತ್ತದೆ. ಛಾಯಾಚಿತ್ರ ಮತ್ತು ವಿಡಿಯೋ ಸಂಕಲನ, ಮುದ್ರಣ ವಿನ್ಯಾಸ ಮುಂತಾದ ಭಾರದ ಕೆಲಸಗಳಿರುವಲ್ಲಿ ಎಂಟು ಕೋರ್‌ಗಳು ಸಾರ್ಥಕ.

ಎಂಟು ಕೋರ್‌ಗಳೂ ದೀರ್ಘಕಾಲ ದುಡಿಯುವ ಇಂತಹ ಕೆಲಸಗಳಲ್ಲಿ 9800ಎಕ್ಸ್3ಡಿ ಸ್ವಲ್ಪ ಮುಂದೆ ಬರುವುದನ್ನೂ ಹೇಳಬೇಕು. ಆದರೆ ಅದಕ್ಕೆ ಮುಖ್ಯ ಕಾರಣ ಕ್ಯಾಶ್ ಅಲ್ಲ, ವಿದ್ಯುತ್. 9700ಎಕ್ಸ್‌ಗೆ ಕಾರ್ಖಾನೆಯಿಂದ ನಿಗದಿಯಾದ ಗರಿಷ್ಠ ಬಳಕೆ 88 ವ್ಯಾಟ್. 9800ಎಕ್ಸ್3ಡಿಗೆ 162 ವ್ಯಾಟ್. 2024ರ ಸೆಪ್ಟೆಂಬರ್‌ನಲ್ಲಿ ಎಎಂಡಿ ಹೊರತಂದ ಮದರ್‌ಬೋರ್ಡ್ ತಂತ್ರಾಂಶದ ಮೂಲಕ 9700ಎಕ್ಸ್‌ನ ಮಿತಿಯನ್ನು ಏರಿಸಿಕೊಳ್ಳಬಹುದಾಗಿದ್ದು, ಹಾಗೆ ಮಾಡಿದಾಗ ಈ ಅಂತರ ಕಿರಿದಾಗುತ್ತದೆ. ಪೂರ್ಣ ಭಾರದಲ್ಲಿ 50 ವ್ಯಾಟ್‌ಗಳ ವ್ಯತ್ಯಾಸವೆಂದು ಹಿಡಿದು, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ದುಡಿಸಿದರೆ ಒಂದು ಯಂತ್ರಕ್ಕೆ ತಿಂಗಳಿಗೆ 10 ಯೂನಿಟ್ ಹೆಚ್ಚುವರಿ ಖರ್ಚು. ಬಿಲ್ಲಿನಲ್ಲಿ ಅದು ಹೊರೆಯಲ್ಲ. ಹತ್ತಾರು ಯಂತ್ರಗಳಿಗೆ ಯುಪಿಎಸ್ ಆರಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎರಡು ಪ್ರೊಸೆಸರ್‌ಗಳ ಪೆಟ್ಟಿಗೆಯಲ್ಲೂ ತಂಪುಕಾರಕ ಇರುವುದಿಲ್ಲವಾದ್ದರಿಂದ ಅದರ ಬೆಲೆಯನ್ನು ದರಪಟ್ಟಿಯಲ್ಲಿ ಕೇಳಿ ಸೇರಿಸಿಕೊಳ್ಳಬೇಕು. ಎರಡರಲ್ಲೂ ಕಚೇರಿಗೆ ಸಾಕಾಗುವಷ್ಟು ಗ್ರಾಫಿಕ್ಸ್ ಒಳಗೇ ಇದೆ. ಹೀಗಾಗಿ ಆಟದ ಉದ್ದೇಶವಿಲ್ಲದವರು ಬೇರೆ ಕಾರ್ಡ್ ಕೊಳ್ಳಬೇಕಾಗಿಲ್ಲ.

ದೊಡ್ಡ ಕ್ಯಾಶ್‌ನಿಂದ ಲಾಭ ಪಡೆಯುವ ಔದ್ಯಮಿಕ ಕೆಲಸವೂ ಒಂದಿದೆ. ದ್ರವ ಮತ್ತು ಗಾಳಿಯ ಹರಿವಿನ ವಿಶ್ಲೇಷಣೆಯಂತಹ ಎಂಜಿನಿಯರಿಂಗ್ ತಂತ್ರಾಂಶಗಳಿಗೆಂದೇ ಎಎಂಡಿ 2022ರ ಮಾರ್ಚ್‌ನಲ್ಲಿ 768 ಮೆಗಾಬೈಟ್‌ವರೆಗೆ ಕ್ಯಾಶ್ ಉಳ್ಳ ಸರ್ವರ್ ಪ್ರೊಸೆಸರ್‌ಗಳನ್ನು ಬಿಡುಗಡೆ ಮಾಡಿತ್ತು. ಆಟದ ಪ್ರೊಸೆಸರ್ ಬಂದದ್ದು ಅದರ ಮರುತಿಂಗಳು. ಪೀಣ್ಯದಂತಹ ಪ್ರದೇಶಗಳಲ್ಲಿ ಪಂಪು, ಕವಾಟಗಳ ವಿನ್ಯಾಸ ಮಾಡುವ ಘಟಕಗಳು ತಮ್ಮದೇ ಮಾದರಿ ಕಡತವನ್ನು ಮಾರಾಟಗಾರರ ಯಂತ್ರದಲ್ಲಿ ಓಡಿಸಿ ನೋಡಿದ ಬಳಿಕ ತೀರ್ಮಾನಿಸುವುದು ಒಳ್ಳೆಯದು.

ಕೊಳ್ಳುವಾಗ

ಡಿಡಿಆರ್5 ಮೆಮೊರಿಯ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ತೀವ್ರವಾಗಿ ಏರಿದ್ದು, ಪ್ರೊಸೆಸರ್‌ನಷ್ಟೇ ಗಮನವನ್ನು ಮೆಮೊರಿಗೂ ಕೊಡಬೇಕಾಗಿದೆ. ದೊಡ್ಡ ಕ್ಯಾಶ್ ಇರುವಲ್ಲಿ ಹೊರಗಿನ ಮೆಮೊರಿಯ ಮೇಲಿನ ಅವಲಂಬನೆ ಕಡಿಮೆಯಾಗುವುದರಿಂದ, 9800ಎಕ್ಸ್3ಡಿ ಕೊಳ್ಳುವವರು ಅತಿ ವೇಗದ ದುಬಾರಿ ಮೆಮೊರಿಯ ಹಿಂದೆ ಹೋಗಬೇಕಾಗಿಲ್ಲ. ಇಂತಹ ಬಿಡಿಭಾಗಗಳ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದ್ದು, ನೋಂದಾಯಿತ ಉದ್ದಿಮೆಗಳು ವ್ಯವಹಾರದ ಬಳಕೆಗೆ ಕೊಂಡಾಗ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಒಂದೇ ಪ್ರೊಸೆಸರ್‌ಗೆ ಎರಡು ದರ ಹೇಳಿದಾಗ, ಕಡಿಮೆ ದರದ್ದು ಪೆಟ್ಟಿಗೆ ಇಲ್ಲದ 'ಟ್ರೇ' ಸರಕಾಗಿರಬಹುದು. ಮೊಹರಾದ ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರ್‌ಗೆ ಎಎಂಡಿಯೇ ಮೂರು ವರ್ಷಗಳ ಖಾತರಿ ಕೊಡುತ್ತದೆ. ಟ್ರೇ ಸರಕಿನ ಖಾತರಿಯ ಹೊಣೆ ಮಾರಿದವರದ್ದು. ಮಾರಿದವರು ಅಂಗಡಿ ಮುಚ್ಚಿದರೆ ಆ ಖಾತರಿಯೂ ಅಲ್ಲಿಗೆ ಮುಗಿಯಿತು. ಕ್ರಮಸಂಖ್ಯೆಯನ್ನು ನಮೂದಿಸಿದ ತೆರಿಗೆ ಬಿಲ್ಲನ್ನು ಕೇಳಿ ಪಡೆಯಬೇಕು.

ಎಎಂ5 ಸಾಕೆಟ್‌ಗೆ 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಮುಂದುವರಿಸುವುದಾಗಿ ಎಎಂಡಿ 2024ರಲ್ಲಿ ಪ್ರಕಟಿಸಿದೆ. ಆದ್ದರಿಂದ ಇಂದು 9700ಎಕ್ಸ್ ಕೊಂಡವರು, ಮುಂದೆ ಅಗತ್ಯ ಬಿದ್ದಾಗ ಮದರ್‌ಬೋರ್ಡ್ ಮತ್ತು ಮೆಮೊರಿಯನ್ನು ಹಾಗೆಯೇ ಉಳಿಸಿಕೊಂಡು, ಬಯಾಸ್ ತಂತ್ರಾಂಶವನ್ನು ನವೀಕರಿಸಿ, ಪ್ರೊಸೆಸರ್ ಒಂದನ್ನೇ ಬದಲಿಸಬಹುದು.