ಶಾಸಕರಿಗೆ ಪತ್ರ ಬರೆಯೋದು ಹೇಗೆ? ನಾಲ್ಕು ಪುಟ ಬರೆದು ಸೋತ ಮೇಲೆ ನಾನು ಕಲಿತದ್ದು

ಜನಪ್ರತಿನಿಧಿಗಳಿಗೆ ನಾನು ಮೊದಲ ಸಲ ಪತ್ರ ಬರೆದದ್ದು ರಾತ್ರಿ ಹನ್ನೊಂದೂವರೆಗೆ. ಬೆಂಗಳೂರಿನ ಪಿ.ಜಿ. ರೂಮಿನ ಮಂಚದ ಮೇಲೆ ಕೂತು, ಮೊಬೈಲಿನಲ್ಲೇ, ಪೂರ್ತಿ ಸಿಟ್ಟಿನಲ್ಲಿ.

ಸಿಟ್ಟಿಗೆ ಕಾರಣ ಇತ್ತು. ಅವತ್ತು ಬೆಳಿಗ್ಗೆಯಷ್ಟೇ ಊರಿಂದ ವಾಪಸ್ ಬಂದಿದ್ದೆ. ನಮ್ಮದು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರ ಹೋಬಳಿಯ ಸಣ್ಣ ಹಳ್ಳಿ. ಆಂಧ್ರದ ಗಡಿ ಹತ್ತಿರ, ವೇದಾವತಿ ನದಿಯೂ ಹತ್ತಿರ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳುಗಳಾಗಿತ್ತು. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು ಕೊಡುತ್ತಿದ್ದ ಮೆಷಿನ್ನಿನ ಮುಂದೆ ಯಾರೋ ಹುಣಸೆಹಣ್ಣು ಒಣಗಿಸಿದ್ದರು. ಮನೆಗೆ ಹೋದರೆ ಅಣ್ಣನ ಮಗಳು ಪುಟ್ಟಿ, ನಾಲ್ಕು ವರ್ಷದವಳು, ಲೋಟದ ತುಂಬ ಬೋರ್‌ವೆಲ್ ನೀರು ಕುಡಿಯುತ್ತಿದ್ದಳು.

ನಮ್ಮ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ನಮ್ಮಜ್ಜಿ ಕುಕ್ಕರುಗಾಲಲ್ಲಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ಮಕ್ಕಳಲ್ಲಿ ಮೊದಲು ಕಾಣೋದು ಹಲ್ಲಿನ ಮೇಲೆ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸು, ಅಂದರೆ ಸುಮಾರು ಎಂಟು ವರ್ಷದವರೆಗೆ, ಇಂಥ ನೀರು ಕುಡಿದರೆ ಬಿಳಿ ಗೆರೆ, ಕಂದು ಕಲೆ ಬಿದ್ದುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. 'ಕಾಯಿಸಿ ಕುಡಿಸ್ತೀವಿ ಬಿಡೇ' ಅಂದಳು ಅತ್ತಿಗೆ. ಕಾಯಿಸಿದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತೆ, ಅಷ್ಟೆ.

ಹಾಗಾಗಿ ಬರೆದೆ. ನಾಲ್ಕು ಪುಟ. ಸ್ವಾತಂತ್ರ್ಯ ಬಂದು ಎಷ್ಟು ವರ್ಷವಾಯಿತು ಅನ್ನೋದರಿಂದ ಶುರು. ನೀರು, ರಸ್ತೆ, ಸಂಜೆ ಬಸ್ಸು, ಮೊಬೈಲ್ ನೆಟ್‌ವರ್ಕ್, ಅಂಗನವಾಡಿ ಚಾವಣಿ, ಎಲ್ಲ ಬಂತು. ಕೊನೆಗೆ 'ಮುಂದಿನ ಚುನಾವಣೆಯಲ್ಲಿ ಜನರೇ ಪಾಠ ಕಲಿಸುತ್ತಾರೆ' ಅಂತ ಒಂದು ಎಚ್ಚರಿಕೆ. ವಿಷಯ: 'ನಮ್ಮ ಗ್ರಾಮದ ಸಮಸ್ಯೆಗಳು'. ಕೈಗೆ ಸಿಕ್ಕ ಇಮೇಲ್ ವಿಳಾಸಗಳಿಗೆಲ್ಲ ಒಟ್ಟಿಗೇ ಕಳಿಸಿ, ನಾಡಿಗೆ ಉಪಕಾರ ಮಾಡಿದವಳಂತೆ ನಿದ್ದೆ ಹೋದೆ.

ಎರಡು ತಿಂಗಳಾದರೂ ಉತ್ತರ ಬರಲಿಲ್ಲ. ಇದರಲ್ಲಿ ಯಾರನ್ನೂ ದೂರೋದಿಲ್ಲ. ಯಾಕೆ ಅಂತ ತಿಳಿದದ್ದು ಆ ಪತ್ರವನ್ನು ದೊಡ್ಡಪ್ಪನಿಗೆ ತೋರಿಸಿದಾಗ.

ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸರ್ವೀಸಿನ ಬಹುಪಾಲು ಆವಕ-ಜಾವಕದ ಟೇಬಲ್ಲಿನಲ್ಲೇ ಕಳೆಯಿತು. ಒಳಗೆ ಬರುವ, ಹೊರಗೆ ಹೋಗುವ ಟಪಾಲಿಗೆಲ್ಲ ನಂಬರ್ ಹಾಕೋ ಕೆಲಸ. ಕನ್ನಡಕ ಏರಿಸಿ ನಾಲ್ಕೂ ಪುಟ ಓದಿದರು.

"ಇದೇನವ್ವಾ, ಅರ್ಜಿನೋ ಹರಿಕಥೆನೋ?"

ನಾನು ಮುಖ ಊದಿಸಿಕೊಂಡೆ.

"ಬೈದಿರೋದು ಚೆನ್ನಾಗೈತೆ. ಕೇಳಿರೋದು ಏನು ಅಂತ ಹುಡುಕ್ತಾ ಇದೀನಿ, ಸಿಗ್ತಾ ಇಲ್ಲ. ಇದನ್ನ ಯಾವ ಕಡತಕ್ಕೆ ಹಾಕ್ಬೇಕು? ನೀರಿಂದಕ್ಕಾ, ರಸ್ತೆದಕ್ಕಾ? ಐದು ವಿಷಯ ಇರೋ ಅರ್ಜಿ ಯಾರಿಗೂ ಸೇರಲ್ಲ ಕಣವ್ವ. ನಮ್ಮದಲ್ಲ ಅಂತಾರೆ. ಅದು ನಿಜಾನೂ ಹೌದು."

ಆಮೇಲೆ ಅವರು ಹೇಳಿದ ಮಾತನ್ನು ನನ್ನ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ: "ಓದಿಸ್ಕೊಳ್ಳೋಕೆ ಬರೀಬೇಡ, ದಾಟಿಸೋಕೆ ಬರಿ."

ಅಲ್ಲಿಯವರೆಗೆ ನಾನಂದುಕೊಂಡದ್ದು, ಶಾಸಕರು ಕೂತು ಓದುತ್ತಾರೆ, ಮನಸ್ಸು ಕರಗುತ್ತೆ, ಫೋನ್ ಎತ್ತಿಕೊಳ್ಳುತ್ತಾರೆ ಅಂತ. ನಡೆಯೋದು ಬೇರೆ. ಪತ್ರ ಮೊದಲು ಸೇರೋದು ಆಪ್ತ ಸಹಾಯಕರ ಕೈ. ಅವರು ನೋಡೋದು ಮೂರೇ: ಯಾವ ಊರು, ಏನು ವಿಷಯ, ಯಾರಿಂದ ಆಗಬೇಕಾದ ಕೆಲಸ. ಅದು ಗೊತ್ತಾದರೆ ಪತ್ರದ ಅಂಚಿನಲ್ಲಿ 'ಪರಿಶೀಲಿಸಿ ಕ್ರಮ ಕೈಗೊಳ್ಳಿ' ಅಂತ ಷರಾ ಬಿದ್ದು, ಶಾಸಕರ ಸಹಿಯಾಗಿ, ಸಂಬಂಧಪಟ್ಟ ಅಧಿಕಾರಿಗೆ ಹೋಗುತ್ತೆ. ಅಲ್ಲಿ ಇನ್ನೊಂದು ಆವಕ ಸಂಖ್ಯೆ, ಇನ್ನೊಂದು ಟೇಬಲ್ಲು. ಅಂದರೆ ನಮ್ಮ ಪತ್ರ ನಾಲ್ಕೈದು ಕೈ ದಾಟಬೇಕು, ಪ್ರತಿ ಕೈಯೂ ಅದನ್ನು ಒಂದು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳಬೇಕು. 'ಎಡಗಡೆ ಎರಡು ಬೆರಳು ಜಾಗ ಬಿಡು' ಅಂದರು ದೊಡ್ಡಪ್ಪ. ಯಾಕೆ ಅಂದೆ. ಷರಾ ಬರೆಯೋಕೆ!

(ಇಲ್ಲೊಂದು ಅಡ್ಡಮಾತು. ನಮ್ಮ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅದರ ಆರಂಭ ನೋಡಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ, ಆಮೇಲೆ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ಯಾರಿಂದ, ಯಾರಿಗೆ, ಏನು, ಎಲ್ಲ ಇದೆ. ಕೊನೆಯಲ್ಲಿ ಬರೆದವನು ಚಪಡ ಅಂತ ಲಿಪಿಕಾರನ ಹೆಸರೂ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ದಾಟಿ ಬಂದ ಪತ್ರ ಅದು. ದೊಡ್ಡಪ್ಪನಿಗೆ ಹೇಳಿದರೆ, "ನೋಡು, ಅವರೂ ವಿಷಯ ಒಂದೇ ಹಾಕವ್ರೆ" ಅಂತ ನಕ್ಕರು.)

ಮುಂದಿನ ಪ್ರಶ್ನೆ, ಯಾರಿಗೆ ಬರೆಯೋದು? ಇದು ಸುಲಭ ಅನಿಸುತ್ತೆ, ಅಲ್ಲ. ಪರಶುರಾಂಪುರ ಹೋಬಳಿ ಚಳ್ಳಕೆರೆ ವಿಧಾನಸಭಾ ಕ್ಷೇತ್ರದಲ್ಲಿದೆ. ಆದರೆ ಅದೇ ಚಳ್ಳಕೆರೆ ತಾಲ್ಲೂಕಿನ ತಳಕು, ನಾಯಕನಹಟ್ಟಿ ಹೋಬಳಿಗಳು ಮೊಳಕಾಲ್ಮುರು ಕ್ಷೇತ್ರಕ್ಕೆ ಸೇರುತ್ತವೆ. ತಾಲ್ಲೂಕು ನೋಡಿ ಪತ್ರ ಹಾಕಿದರೆ ತಪ್ಪಿದ ಬಾಗಿಲು ತಟ್ಟಿದ ಹಾಗೆ. ನಿಮ್ಮ ವೋಟರ್ ಲಿಸ್ಟಿನಲ್ಲಿ ಕ್ಷೇತ್ರದ ಹೆಸರಿರುತ್ತೆ, ಅದನ್ನು ನೋಡಿ. ಬೆಂಗಳೂರಿನಲ್ಲಿದ್ದುಕೊಂಡು ಊರಿನ ಬಗ್ಗೆ ಬರೆಯೋ ನಮ್ಮಂಥವರು ಇನ್ನೊಂದು ಕೆಲಸ ಮಾಡಬೇಕು: ಊರಲ್ಲೇ ಇರೋರ ಹೆಸರು, ಫೋನ್ ನಂಬರ್ ಪತ್ರದಲ್ಲಿರಬೇಕು. ಯಾರಾದರೂ ಸ್ಥಳಕ್ಕೆ ಬಂದರೆ ತೋರಿಸೋಕೆ ನಾನು ಬೆಳ್ಳಂದೂರಿಂದ ಓಡಿ ಹೋಗೋಕಾಗುತ್ತಾ? ನಾನು ಅಣ್ಣನ ನಂಬರ್ ಹಾಕಿದೆ.

ನೀರಿನ ಘಟಕ ಅಂದರೆ ಮೊದಲ ಹೆಜ್ಜೆ ಗ್ರಾಮ ಪಂಚಾಯಿತಿಯೇ. ಅಲ್ಲಿ ಅರ್ಜಿ ಕೊಡದೆ ನೇರ ಶಾಸಕರ ಹತ್ತಿರ ಹೋದರೆ ಅವರು ಕೇಳೋ ಮೊದಲ ಪ್ರಶ್ನೆ 'ಪಂಚಾಯ್ತಿಗೆ ಕೊಟ್ಟಿದ್ದೀರಾ?' ಅಣ್ಣ ಅಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡ. ಅವರು ಹೇಳಿದ್ದು, ರಿಪೇರಿ ಹೊಣೆ ಹೊತ್ತವರು ಬೇರೆ, ಅವರು ಬರುತ್ತಿಲ್ಲ ಅಂತ. ಅಷ್ಟು ಗೊತ್ತಾಗಿದ್ದೇ ದೊಡ್ಡ ಲಾಭ. ಶಾಸಕರಿಂದ ಕೇಳಬೇಕಾದದ್ದು ಏನು ಅಂತ ಆಗ ಸ್ಪಷ್ಟವಾಯಿತು.

ನಾನು ದುಡ್ಡು ಕೇಳೋಣ ಅಂತಿದ್ದೆ. ಸಂಸದರಿಗೆ ವರ್ಷಕ್ಕೆ 5 ಕೋಟಿ, ನಮ್ಮ ಶಾಸಕರಿಗೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ ಅಂತ ಗೂಗಲ್ ಮಾಡಿಕೊಂಡು ಬಂದಿದ್ದೆ. ಆ ದುಡ್ಡು ಮುಖ್ಯವಾಗಿ ಹೊಸದಾಗಿ, ಬಾಳಿಕೆ ಬರುವಂಥದ್ದನ್ನು ಕಟ್ಟೋಕೆ. ನಮಗೆ ಬೇಕಿದ್ದದ್ದು ರಿಪೇರಿ. ಅದಕ್ಕೆ ಬೇಕಾದ್ದು ಒಂದು ಗಟ್ಟಿ ಮಾತು, ಸರಿಯಾದ ಜಾಗದಲ್ಲಿ. ಆ ಜಾಗ ಯಾವುದು ಅಂತಲೂ ದೊಡ್ಡಪ್ಪನೇ ಹೇಳಿದರು: ತಾಲ್ಲೂಕು ಮಟ್ಟದ ಕೆಡಿಪಿ ಸಭೆ. ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಪ್ರಗತಿ ಪರಿಶೀಲನೆ. ಎಲ್ಲ ಇಲಾಖೆಯವರೂ ಫೈಲ್ ಹಿಡಿದು ಬಂದು ಕೂತಿರುತ್ತಾರೆ. ಸಭೆಗೆ ಹತ್ತು ದಿನ ಮುಂಚೆ ನಿಮ್ಮ ಪತ್ರ ಕೈ ಸೇರಿದ್ದರೆ ಅಲ್ಲಿ ಪ್ರಶ್ನೆಯಾಗಬಹುದು. ಸಭೆ ಮುಗಿದ ಮರುದಿನ ಸೇರಿದರೆ ಮೂರು ತಿಂಗಳು ಕಾಯಬೇಕು. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ ಕಾರಣ ಹಳ್ಳಿಯವರಿಗೆ ಪಂಚಾಯ್ತಿ ಬಿಟ್ಟರೆ ಶಾಸಕರೇ ಅನ್ನೋ ಹಾಗಾಗಿತ್ತು. ಅವರ ಟೇಬಲ್ ಮೇಲೆ ಎಷ್ಟು ಕಾಗದ ಬಂದು ಬೀಳಬಹುದು, ಯೋಚಿಸಿ.

ಇನ್ನು ಪುರಾವೆ. 'ನೀರು ವಿಷ' ಅಂತ ನಾನು ಬರೆದಿದ್ದೆ. ದೊಡ್ಡಪ್ಪ ಅದಕ್ಕೆ ಕೆಂಪು ಗೆರೆ ಎಳೆದರು: "ನೀನ್ ಹೇಳಿದ್ರೆ ವಿಷ ಆಗ್ಬಿಡ್ತಾ? ಕಾಗದ ತಾ." ಜಲಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ಹಳ್ಳಿಗಳಲ್ಲಿ ಮಹಿಳೆಯರಿಗೇ ಫೀಲ್ಡ್ ಟೆಸ್ಟ್ ಕಿಟ್ ಬಳಸೋ ತರಬೇತಿ ಕೊಡುತ್ತಾರೆ. ಅದರಲ್ಲಿ ಒಂದು ಅಂದಾಜು ಸಿಕ್ಕಿತು. ಆಮೇಲೆ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕೊಟ್ಟು ವರದಿ ತರಿಸಿದೆವು. ಫ್ಲೋರೈಡ್ ಮಿತಿ ಮೀರಿತ್ತು. ನನ್ನ ನಾಲ್ಕು ಪುಟಕ್ಕಿಲ್ಲದ ತೂಕ ಆ ಒಂದು ಹಾಳೆಗಿತ್ತು.

ಕೊನೆಗೆ ಹೋದ ಪತ್ರ ಇಷ್ಟೇ. ಮೇಲೆ ನಮ್ಮ ವಿಳಾಸ, ಅವರ ವಿಳಾಸ, ದಿನಾಂಕ. ಕೆಳಗೆ:

'ಮಾನ್ಯರೇ,
ವಿಷಯ: ನಮ್ಮ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ದುರಸ್ತಿ ಬಗ್ಗೆ.
ನಮ್ಮ ಗ್ರಾಮದ ಘಟಕ ಐದು ತಿಂಗಳಿಂದ ಕೆಟ್ಟು ನಿಂತಿದೆ. ಗ್ರಾಮಸ್ಥರು ಬೋರ್‌ವೆಲ್ ನೀರನ್ನೇ ಕುಡಿಯುತ್ತಿದ್ದು, ಅದರಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿರುವುದು ಪ್ರಯೋಗಾಲಯದ ವರದಿಯಲ್ಲಿದೆ. ಅಂಗನವಾಡಿ ಮಕ್ಕಳೂ ಇದೇ ನೀರು ಕುಡಿಯುತ್ತಿದ್ದಾರೆ. ಗ್ರಾಮ ಪಂಚಾಯಿತಿಗೆ ಈಗಾಗಲೇ ಅರ್ಜಿ ಸಲ್ಲಿಸಿದ್ದೇವೆ. ಮುಂದಿನ ಕೆಡಿಪಿ ಸಭೆಯಲ್ಲಿ ಈ ಘಟಕದ ದುರಸ್ತಿಗೆ ದಿನಾಂಕ ನಿಗದಿಪಡಿಸುವಂತೆ ಸಂಬಂಧಪಟ್ಟ ಅಧಿಕಾರಿಗಳಿಗೆ ಸೂಚಿಸಬೇಕೆಂದು ಕೋರುತ್ತೇವೆ. ಕೈಗೊಂಡ ಕ್ರಮವನ್ನು ಕೆಳಗಿನ ವಿಳಾಸಕ್ಕೆ ತಿಳಿಸಬೇಕಾಗಿ ವಿನಂತಿ.
ಲಗತ್ತು: ನೀರಿನ ವರದಿ, ಪಂಚಾಯಿತಿ ಸ್ವೀಕೃತಿ, ಘಟಕದ ಫೋಟೋ.'

ಒಂದೇ ಮಗ್ಗುಲು, ಒಂದೇ ಕೋರಿಕೆ. ಚುನಾವಣೆ ಬೆದರಿಕೆ ಹೋಯಿತು, ಹೊಗಳಿಕೆಯನ್ನೂ ಹಾಕಲಿಲ್ಲ. 'ಅಂಗನವಾಡಿ ಮಕ್ಕಳೂ' ಅನ್ನೋ ಸಾಲು ನನ್ನ ಹಟ. ದೊಡ್ಡಪ್ಪ ತೆಗೆಯೋಕೆ ಹೊರಟಿದ್ದರು, ನಾನು ಬಿಡಲಿಲ್ಲ. ಬರೀ ಕಚೇರಿ ಭಾಷೆಯಲ್ಲಿ ಬರೆದರೆ ಯಾರ ಕಣ್ಣೂ ನಿಲ್ಲೋದಿಲ್ಲ, ನಮ್ಮ ಬದುಕಿನ ಒಂದು ಸಾಲು ಅದರಲ್ಲಿ ಇರಲೇಬೇಕು. 2021ರ ಸೆಪ್ಟೆಂಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ಹೆಚ್. ರಾಂಪುರದ ಯುವ ಶಿಕ್ಷಕಿಯೊಬ್ಬರು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಇಮೇಲ್ ಬರೆದದ್ದು ನಿಮಗೆ ನೆನಪಿರಬಹುದು. ಊರಿಗೆ ರಸ್ತೆ ಆಗೋವರೆಗೂ ಮದುವೆಯಾಗಲ್ಲ ಅಂತ. ರಸ್ತೆ ಸರಿಯಿಲ್ಲ ಅಂತ ಸಾವಿರ ಜನ ಬರೆದಿರುತ್ತಾರೆ. ರಸ್ತೆ ಇಲ್ಲದ ಊರಿಗೆ ಸಂಬಂಧವೇ ಬರಲ್ಲ ಅನ್ನೋದನ್ನು ಅವರು ಬರೆದರು. ಮುಖ್ಯಮಂತ್ರಿ ಕಚೇರಿ ಅದನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ದಾಟಿಸಿತು, ಪತ್ರಿಕೆಗಳೆಲ್ಲ ಬರೆದವು.

ಸಹಿ ಸಂಗ್ರಹಕ್ಕೆ ಅತ್ತಿಗೆ ಹೊರಟಳು. ಅಷ್ಟು ದಿನ ಸುಮ್ಮನಿದ್ದವಳು ಎರಡು ಸಂಜೆಯಲ್ಲಿ ನಲವತ್ತಮೂರು ಹೆಂಗಸರ ಸಹಿ, ಹೆಬ್ಬೆಟ್ಟು ತಂದಳು. ಒಂದೇ ಮೆಸೇಜನ್ನು ಇನ್ನೂರು ಜನ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡೋದಕ್ಕಿಂತ ಇದು ಎಷ್ಟೋ ಮೇಲು. ಅಣ್ಣ ಚಳ್ಳಕೆರೆಗೆ ಹೋಗಿ ಖುದ್ದಾಗಿ ಕೊಟ್ಟು, ತನ್ನ ಪ್ರತಿಯ ಮೇಲೆ ಸೀಲು, ಆವಕ ಸಂಖ್ಯೆ ಹಾಕಿಸಿಕೊಂಡ. ಹೋಗೋಕಾಗದವರು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇಮೇಲ್ ಕಳಿಸಿದರೂ ಒಂದು ಕಾಗದದ ಪ್ರತಿ ಹೋಗಲಿ.

ಮೂರು ವಾರಕ್ಕೆ ನಾನು ಫೋನ್ ಮಾಡಿದೆ. 'ಯಾಕಿನ್ನೂ ಆಗಿಲ್ಲ' ಅಂತ ಕೇಳಲಿಲ್ಲ. 'ಈ ಆವಕ ಸಂಖ್ಯೆಯ ಅರ್ಜಿ ಯಾವ ಕಚೇರಿಗೆ ಹೋಗಿದೆ, ಯಾವ ದಿನ?' ಅಂತ ಕೇಳಿದೆ. ನಿಮಿಷದಲ್ಲಿ ಹೇಳಿದರು. ಅಲ್ಲಿಂದ ಮುಂದೆ ನಿಂತು ಹೋದರೆ ಮಾಹಿತಿ ಹಕ್ಕು ಇದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ಕರ್ನಾಟಕದ ನಿಯಮದಲ್ಲಿ ಆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಅದನ್ನೂ ಬರೆದು ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ.

ಮೆಕ್ಯಾನಿಕ್ ಬಂದದ್ದು ಪತ್ರ ಕೊಟ್ಟ ಒಂಬತ್ತನೇ ವಾರ. ಮೆಂಬ್ರೇನ್ ಬದಲಾಯಿಸಿದರು. ಹುಣಸೆಹಣ್ಣು ಎತ್ತಿದರು. ನಿಜ ಹೇಳಬೇಕಲ್ಲ, ಎರಡು ತಿಂಗಳಲ್ಲಿ ಮತ್ತೆ ಒಂದು ವಾರ ನಿಂತಿತು. ಈ ಸಲ ಅತ್ತಿಗೆ ನನ್ನನ್ನು ಕೇಳಲೇ ಇಲ್ಲ, ಹಳೇ ಅರ್ಜಿಯ ಸಂಖ್ಯೆಯನ್ನು 'ಉಲ್ಲೇಖ' ಅಂತ ಹಾಕಿ ತಾನೇ ಬರೆದುಕೊಟ್ಟಳು. ಪುಟ್ಟಿಯ ಶಾಶ್ವತ ಹಲ್ಲು ಹೇಗೆ ಬರುತ್ತವೋ, ಅದಕ್ಕಿನ್ನೂ ಎರಡು ವರ್ಷವಿದೆ.

ಘಟಕ ಶುರುವಾದ ದಿನ ದೊಡ್ಡಪ್ಪ ಫೋನ್ ಮಾಡಿ ಇನ್ನೊಂದು ಪತ್ರ ಬರೆಯೋಕೆ ಹೇಳಿದರು. ಕೆಲಸ ಆಯಿತು, ಧನ್ಯವಾದ ಅಂತ, ಮೂರು ಸಾಲು. ಅವರ ಅಷ್ಟೂ ವರ್ಷದ ಸರ್ವೀಸಿನಲ್ಲಿ ಅಂಥ ಪತ್ರಕ್ಕೆ ನಂಬರ್ ಹಾಕಿದ್ದು ಎರಡೋ ಮೂರೋ ಸಲವಂತೆ. ಬರೆದು ಕಳಿಸಿದೆ. ವಾರ ಬಿಟ್ಟು ಆಪ್ತ ಸಹಾಯಕರೇ ಅಣ್ಣನಿಗೆ ಫೋನ್ ಮಾಡಿ, ಸ್ವಲ್ಪ ಅನುಮಾನದಲ್ಲೇ ಕೇಳಿದರಂತೆ: "ಪತ್ರ ಬಂದೈತೆ. ಇದ್ರಲ್ಲಿ ಏನೂ ಕೇಳಿಲ್ವಲ್ಲಪ್ಪ, ಇನ್ನೊಂದು ಹಾಳೆ ಬಿಟ್ಟೋಗೈತಾ?"