ಡಿಎಪಿ ಕಾಳಿನ ಹಿಂದಿನ ಕುಶಲತೆ

ಮುಂಗಾರು ಬಿತ್ತಿಗೆ ಹತ್ತಿರ ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ರೈತರು ಗದಗ-ಬೆಟಗೇರಿಯ ಗೊಬ್ಬರದಂಗಡಿಗಳಲ್ಲಿ ಕೇಳುವ ರಾಸಾಯನಿಕ ಗೊಬ್ಬರಗಳಲ್ಲಿ ಡಿಎಪಿ ಮುಖ್ಯವಾದದ್ದು. ಡೈ ಅಮೋನಿಯಂ ಫಾಸ್ಫೇಟ್ ಎಂಬ ಈ ಲವಣದಲ್ಲಿ ರಂಜಕ, ಸಾರಜನಕ ಎರಡೂ ಇವೆ. ಚೀಲದ ಮೇಲಿನ 18:46:0 ಅಂದರೆ, 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, ಪೆಂಟಾಕ್ಸೈಡ್ ಲೆಕ್ಕದಲ್ಲಿ 23 ಕಿಲೋ ರಂಜಕ. ಶುದ್ಧ ರಂಜಕವೆಂದು ತೂಗಿದರೆ ಸುಮಾರು 10 ಕಿಲೋ.

ಈ ರಂಜಕ ಬರುವುದು ಶಿಲಾರಂಜಕದಿಂದ. ಕಲ್ಲಿನಲ್ಲಿ ಅದನ್ನು ಕ್ಯಾಲ್ಸಿಯಂ ಬಿಗಿಯಾಗಿ ಹಿಡಿದಿರುತ್ತದೆ, ನೀರಿಗೆ ಬಿಡುವುದಿಲ್ಲ. ಗಂಧಕಾಮ್ಲ ಬೆರೆಸಿದಾಗ ಕ್ಯಾಲ್ಸಿಯಂ ಜಿಪ್ಸಂ ಆಗಿ ಬೇರೆಯಾಗಿ, ಫಾಸ್ಫಾರಿಕ್ ಆಮ್ಲ ಉಳಿಯುತ್ತದೆ. ಅದಕ್ಕೆ ಅಮೋನಿಯಾ ಕೂಡಿಸಿದರೆ ಡಿಎಪಿ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಪಣಂಬೂರು ಕಾರ್ಖಾನೆಯಲ್ಲಿ ಇದು ತಯಾರಾಗುತ್ತದೆ.

ಆಮ್ಲದ ಒಂದು ಅಣುವಿಗೆ ಅಮೋನಿಯಾದ ಎರಡು ಅಣು, ಸಮೀಕರಣ ಇಷ್ಟೇ. ಆದರೆ ಎರಡನ್ನೂ ಒಮ್ಮೆಲೇ ಕೂಡಿಸುವುದಿಲ್ಲ. ಮೊದಲ ತೊಟ್ಟಿಯಲ್ಲಿ ಈ ಪ್ರಮಾಣವನ್ನು 1.4ರ ಆಸುಪಾಸು ನಿಲ್ಲಿಸುತ್ತಾರೆ. ಲವಣ ಅತಿ ಹೆಚ್ಚು ಕರಗಿರುವುದು ಆ ಹದದಲ್ಲೇ. ಹೀಗಾಗಿ ನೀರು ಕಡಿಮೆಯಿದ್ದರೂ ದ್ರಾವಣ ಗಟ್ಟಿಯಾಗದೆ ಹರಿಯುತ್ತದೆ, ಕ್ರಿಯೆಯಲ್ಲಿ ಹುಟ್ಟಿದ ಶಾಖವೇ ಬಹಳಷ್ಟು ನೀರನ್ನು ಆವಿ ಮಾಡುತ್ತದೆ. ಮುಂದೆ, ತಿರುಗುವ ದೊಡ್ಡ ಉರುಳೆಯಲ್ಲಿ ಸಣ್ಣ ಕಾಳುಗಳ ಮೇಲೆ ಅದನ್ನು ಸಿಂಪಡಿಸಿ, ಕಾಳಿನ ರಾಶಿಯ ಅಡಿಯಿಂದ ಉಳಿದ ಅಮೋನಿಯಾ ಬಿಡುತ್ತಾರೆ. ಪ್ರಮಾಣ 2ರತ್ತ ಏರಿದಂತೆ ಕರಗುವ ಗುಣ ತಗ್ಗಿ, ಲವಣ ಕಾಳಿನ ಮೇಲೆ ಪದರ ಪದರವಾಗಿ ಕಟ್ಟುತ್ತದೆ. ಸಂಕ್ರಾಂತಿಗೆ ಎಳ್ಳಿನ ಮೇಲೆ ಪಾಕ ಹನಿಸುತ್ತ ಕುಸುರೆಳ್ಳು ಮಾಡುವ ಹಾಗೆಯೇ. ಒಣಗಿಸಿ ಸೋಸಿದ ಮೇಲೆ ದಪ್ಪ ಕಾಳನ್ನು ಪುಡಿಮಾಡಿ, ಸಣ್ಣದನ್ನು ಇದ್ದಂತೆಯೇ ಮತ್ತೆ ಉರುಳೆಗೆ ಹಾಕುತ್ತಾರೆ. ತಪ್ಪಿಸಿಕೊಂಡ ಅಮೋನಿಯಾವನ್ನೂ ಆಮ್ಲದಲ್ಲಿ ಹಿಡಿದು ವಾಪಸು ತರುತ್ತಾರೆ. ಏನನ್ನೂ ಪೋಲು ಮಾಡದ ಈ ಅಚ್ಚುಕಟ್ಟುತನ ನನಗೆ ಬಹಳ ಮೆಚ್ಚಿಗೆ.

ಇಷ್ಟೆಲ್ಲ ಶ್ರಮಪಟ್ಟು ಕ್ಯಾಲ್ಸಿಯಂ ಬಿಡಿಸಿದ ರಂಜಕಕ್ಕೆ ನಮ್ಮ ಎರೆ ಹೊಲದಲ್ಲಿ ಅದೇ ಕ್ಯಾಲ್ಸಿಯಂ ಮತ್ತೆ ಎದುರಾಗುತ್ತದೆ. ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಕರಗಿದ ರಂಜಕ ಅದರೊಡನೆ ಸೇರಿ ನಿಧಾನಕ್ಕೆ ಕರಗದ ರೂಪಕ್ಕೆ ತಿರುಗುತ್ತದೆ. ಮೇಲೆ ಎರಚಿದ ಕಾಳು ಹೆಚ್ಚು ಮಣ್ಣಿಗೆ ತಾಗುವುದರಿಂದ ಬೇಗ ಕಟ್ಟಿಹೋಗುತ್ತದೆ. ಮೇಲಾಗಿ ರಂಜಕ ಮಣ್ಣಿನಲ್ಲಿ ಬಿದ್ದಲ್ಲಿಂದ ದೂರ ಸರಿಯುವುದಿಲ್ಲ, ಬೇರೇ ಅದರ ಬಳಿ ಬರಬೇಕು. ಕೂರಿಗೆಯಲ್ಲಿ ಗೊಬ್ಬರಕ್ಕೆ ಬೇರೆ ಕೊಳವೆ ಇಟ್ಟು, ಬೀಜದಿಂದ ಒಂದೆರಡು ಇಂಚು ಬದಿಗೆ, ಕೆಳಗೆ ಬೀಳಿಸುವುದು ಇದಕ್ಕಾಗಿಯೇ. ಬೀಜಕ್ಕೇ ತಾಗಿಸಿದರೆ ಕಾಳಿನ ಸುತ್ತ ಬಿಡುಗಡೆಯಾಗುವ ಅಮೋನಿಯಾ ಎಳೆ ಮೊಳಕೆಯನ್ನು ಸುಟ್ಟೀತು.

ಹೆಸರು, ಶೇಂಗಾ, ಕಡಲಿಗೆ ಈ ಗೊಬ್ಬರ ಚೆನ್ನಾಗಿ ಒಗ್ಗುತ್ತದೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಾಣು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಆ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಹೊರುವ ಎಟಿಪಿ ಅಣುವಿನಲ್ಲಿ ಇರುವುದು ರಂಜಕ. ಮೊದಲಿಗೆ ಸ್ವಲ್ಪ ಸಾರಜನಕ, ಜೊತೆಗೆ ಹೇರಳ ರಂಜಕ ಸಿಕ್ಕರೆ ಬೆಳೆ ಮುಂದಿನದನ್ನು ತಾನೇ ನೋಡಿಕೊಳ್ಳುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಚೀಲ ಒಯ್ಯಿರಿ. ಒಯ್ದದ್ದನ್ನು ಎರಚದೆ ಸಾಲಿನೊಳಗೆ ಇಳಿಸಿರಿ.