ಕಿವಿ ಕೇಳದ ಬಾಲಣ್ಣನ ಟೈಮಿಂಗ್

ಹಾಸ್ಯಕ್ಕೆ ಟೈಮಿಂಗ್ ಮುಖ್ಯ ಅಂತ ಎಲ್ಲರೂ ಹೇಳುತ್ತಾರೆ. ಎದುರಿನವರ ಮಾತು ಮುಗಿದ ತಕ್ಷಣ ಉತ್ತರ ಬಿದ್ದರೆ ಥಿಯೇಟರ್ ನಗುತ್ತದೆ. ಎರಡು ಸೆಕೆಂಡ್ ತಡವಾದರೆ ಅದೇ ಜೋಕು ಸಪ್ಪೆ. ಹಾಗಿದ್ದರೆ, ಎದುರಿನವರ ಮಾತೇ ಸರಿಯಾಗಿ ಕೇಳಿಸದ ನಟರೊಬ್ಬರು ಸುಮಾರು ಐವತ್ತು ವರ್ಷ ಕನ್ನಡಿಗರನ್ನು ನಗಿಸಿದ್ದು ಹೇಗೆ?

ಟಿ.ಎನ್. ಬಾಲಕೃಷ್ಣ ಅವರ ಬಗ್ಗೆ ಹೇಳುತ್ತಿದ್ದೇನೆ. ನಮ್ಮಪ್ಪ, ಅಜ್ಜಿ ಎಲ್ಲರಿಗೂ ಅವರು ಬಾಲಣ್ಣ. ನಮ್ಮ ಹಾಸ್ಟೆಲಿನಲ್ಲಿ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲಿಲ್ಲ, ಫೋಟೊ ತೋರಿಸಿದ ಮೇಲೆ 'ಓ, ಇವರಾ! ಅಣ್ಣಾವ್ರ ಸಿನಿಮಾದಲ್ಲೆಲ್ಲ ಇರ್ತಾರಲ್ಲ' ಅಂದರು. ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದವರಿಗೆ ನಮ್ಮ ತಲೆಮಾರು ಕೊಟ್ಟಿರುವ ಜಾಗ ಇಷ್ಟೇ.

ಅವರು ಹುಟ್ಟಿದ್ದು 1911ರಲ್ಲಿ, ಅರಸೀಕೆರೆಯಲ್ಲಿ. ಮನೆಯಲ್ಲಿ ಬಡತನ. ಚಿಕ್ಕಂದಿನಲ್ಲೇ ಕಿವಿ ಕೈಕೊಟ್ಟಿತು. ಅಂಥ ಹುಡುಗ ಹೋಗಿ ಸೇರಿದ್ದು ನಾಟಕ ಕಂಪನಿಗೆ! ಮೈಕು ಅಪರೂಪವಾಗಿದ್ದ ಕಾಲ, ಹಾರ್ಮೋನಿಯಂ ಶ್ರುತಿ ಹಿಡಿದು ಮಾತು ಎತ್ತಿಕೊಳ್ಳಬೇಕು. ಮಾತು ಮರೆತರೆ ಪಕ್ಕದ ಪರದೆಯ ಹಿಂದೆ ನಿಂತು ಪಿಸುಗುಟ್ಟಿ ನೆನಪಿಸುವವರು ಇರುತ್ತಿದ್ದರು. ಆದರೆ ಪಿಸುಮಾತು ಬಾಲಣ್ಣನ ಕಿವಿಗೆ ಬೀಳಬೇಕಲ್ಲ? 1943ರ 'ರಾಧಾರಮಣ' ಅವರ ಮೊದಲ ಚಿತ್ರ. ಅಲ್ಲಿಂದ 1995ರಲ್ಲಿ ತೀರಿಕೊಳ್ಳುವವರೆಗೂ ಅವರ ಗುರುತು ಸಿನಿಮಾವೇ.

ಈ ಕಥೆಯನ್ನು ನಾನು ಮೂರನೇ ಕ್ಲಾಸಿನಿಂದಲೂ ಕೇಳುತ್ತಾ ಬಂದಿದ್ದೇನೆ. ಕಾರಣ, ಆ ವರ್ಷವೇ ನನ್ನ ಎರಡೂ ಕಿವಿಗೆ ಹಿಯರಿಂಗ್ ಏಡ್ ಬಂತು. 'ಬಾಲಣ್ಣಂಗೂ ಕೇಳ್ತಿರ್ಲಿಲ್ಲ ಕಣೋ ಮಗ, ಎಂಥಾ ನಟ ಆಗ್ಲಿಲ್ವಾ' ಅಂತ ಅಜ್ಜಿ ಸಮಾಧಾನ ಮಾಡೋರು. ನೂರನೇ ಸಲ ಕೇಳುವ ಹೊತ್ತಿಗೆ ಬೇಜಾರು ಬಂದಿತ್ತು. 'ಕಿವಿ ಕೇಳದಿದ್ದರೂ ಸಾಧಿಸಿದರು' ಎನ್ನುವ ವಾಕ್ಯದಿಂದ ನನಗೆ ಏನೂ ಸಿಗುತ್ತಿರಲಿಲ್ಲ. ಹೇಗೆ ಸಾಧಿಸಿದರು ಎನ್ನುವುದು ಬೇಕಿತ್ತು.

ಅವರ ಸಮಸ್ಯೆಯನ್ನು ಸ್ವಲ್ಪ ಬಿಡಿಸಿ ನೋಡಿ. ಈಗಿನ ಹಾಗೆ ಎಲ್ಲವನ್ನೂ ಆಮೇಲೆ ಡಬ್ಬಿಂಗ್ ಮಾಡುವ ಪದ್ಧತಿ ಆಗ ಇರಲಿಲ್ಲ. ಸ್ಟುಡಿಯೊ ಫ್ಲೋರಿನಲ್ಲಿ ಚಿತ್ರೀಕರಣ ನಡೆಯುವಾಗಲೇ ಮಾತು ರೆಕಾರ್ಡ್ ಆಗುವುದು ಸಾಮಾನ್ಯವಾಗಿತ್ತು. ಒಬ್ಬರು ತಡವರಿಸಿದರೆ ಇಡೀ ಶಾಟ್ ಮತ್ತೆ ತೆಗೆಯಬೇಕು. ಫಿಲ್ಮಿಗೆ ದುಡ್ಡು, ಫ್ಲೋರಿಗೆ ಬಾಡಿಗೆ. ಪದೇ ಪದೇ ರೀಟೇಕ್ ತೆಗೆದುಕೊಳ್ಳುವ ಪೋಷಕ ನಟನನ್ನು ಯಾವ ನಿರ್ಮಾಪಕ ಮತ್ತೆ ಕರೆಯುತ್ತಾನೆ? ಬಾಲಣ್ಣನನ್ನು ಐನೂರು ಸಲ ಕರೆದಿದ್ದಾರೆ.

ಅವರು ಎದುರಿನವರ ತುಟಿಯ ಚಲನೆ ನೋಡಿ ಮಾತು ಎತ್ತಿಕೊಳ್ಳುತ್ತಿದ್ದರು. ಕೇಳಲು ಸುಲಭ, ಆದರೆ ತುಟಿ ಓದುವ ನಮ್ಮಂಥವರಿಗೆ ಅದರ ಮಿತಿ ಗೊತ್ತು. ಕನ್ನಡದಲ್ಲಿ ಪ, ಬ, ಮ ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ. 'ಪಾಪ' ಅಂದರೋ 'ಮಾಮ' ಅಂದರೋ ತುಟಿಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಉಳಿದದ್ದನ್ನು ಸಂದರ್ಭದಿಂದ ಊಹಿಸಬೇಕು. ಆದ್ದರಿಂದ ತನ್ನ ಮಾತಿನ ಜೊತೆಗೆ ಎದುರಿನವರ ಮಾತೂ ಮೊದಲೇ ತಲೆಯಲ್ಲಿ ಕೂತಿರಬೇಕು. ಬೇರೆ ನಟರಿಗೆ ಒಂದು ಪಾತ್ರದ ಪಾಠವಾದರೆ ಬಾಲಣ್ಣನಿಗೆ ಇಡೀ ದೃಶ್ಯದ ಪಾಠ ಎಂದೇ ನನ್ನ ಲೆಕ್ಕ.

ಇನ್ನೊಂದು ವಿಷಯ ಇನ್ನೂ ಆಶ್ಚರ್ಯ ಹುಟ್ಟಿಸುತ್ತದೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಫೀಡ್‌ಬ್ಯಾಕ್ ಅಂತ ಬರುತ್ತದೆ. ಔಟ್‌ಪುಟ್ ಎಷ್ಟು ಬಂತು ಎಂದು ಅಳೆದು ಇನ್‌ಪುಟ್ ತಿದ್ದಿಕೊಳ್ಳುವುದು. ಮನುಷ್ಯ ಮಾತಾಡುವಾಗ ಈ ಕೆಲಸ ಮಾಡುವುದು ಅವನ ಸ್ವಂತ ಕಿವಿ. ಆ ದಾರಿ ಸರಿಯಿಲ್ಲದಿದ್ದರೆ ದನಿ ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಆಗುತ್ತದೆ. ಇದು ನನ್ನ ದಿನನಿತ್ಯದ ಗೋಳು. ಬಾಲಣ್ಣನ ಮಾತು ಕೇಳಿ ನೋಡಿ. ಅಕ್ಷರ ಅಕ್ಷರ ಸ್ಪಷ್ಟ. ವಾಕ್ಯದ ತುದಿಯನ್ನು ಸ್ವಲ್ಪ ಎಳೆದು, ಅಲ್ಲೇ ಒಂದು ಕೊಂಕು ಸೇರಿಸಿ ಬಿಡುತ್ತಾರೆ. ಇದನ್ನು ಅವರು ಹೇಗೆ ತಿದ್ದಿಕೊಂಡರೋ, ನನಗಂತೂ ಎಂಜಿನಿಯರಿಂಗ್ ಲೆಕ್ಕದಲ್ಲಿ ಸಿಗಲಿಲ್ಲ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಅವರ ಹಳೆಯ ಚಿತ್ರಗಳನ್ನು ಹಿಯರಿಂಗ್ ಏಡ್ ತೆಗೆದಿಟ್ಟು ನೋಡಿದೆ. ಶಬ್ದವಿಲ್ಲದೆ ನೋಡಿದಾಗ ನನ್ನ ಗಮನಕ್ಕೆ ಬಂದದ್ದು ಅವರ ಕಣ್ಣು. ಎದುರಿನವರು ಮಾತಾಡುವಾಗ ಬಾಲಣ್ಣ ಅವರ ಮುಖ ಬಿಟ್ಟು ಕದಲುವುದಿಲ್ಲ. ಎಷ್ಟೋ ನಟರು ತಮ್ಮ ಸರದಿ ಬರುವವರೆಗೆ ಸುಮ್ಮನೆ ಕಾಯುತ್ತಾರೆ, ಇವರು ಕೇಳುತ್ತಿರುತ್ತಾರೆ. ಕಿವಿ ಕೇಳದವರೇ ಪರದೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರ ಹಾಗೆ ಕಾಣುತ್ತಾರೆ! ಕುತಂತ್ರಿ ಪಾತ್ರದಲ್ಲಿ ಆ ನೆಟ್ಟ ನೋಟ 'ಇವನನ್ನು ಹೇಗೆ ಬೀಳಿಸಲಿ' ಎಂಬ ಲೆಕ್ಕಾಚಾರದಂತೆ ಕಾಣುತ್ತದೆ. ಅದೇ ನೋಟ 'ಬಂಗಾರದ ಮನುಷ್ಯ'ದ (1972) ರಾಚೂಟಪ್ಪನಲ್ಲಿ ಪ್ರೀತಿಯಾಗುತ್ತದೆ. ಹಳ್ಳಿಗೆ ಬಂದ ರಾಜೀವನ ಬೆನ್ನಿಗೆ ನಿಲ್ಲುವ ಹಿರಿಯ ಜೀವ ಅದು. 'ಕಸ್ತೂರಿ ನಿವಾಸ'ದ (1971) ನಿಷ್ಠಾವಂತ ಆಳಿನ ಪಾತ್ರದಲ್ಲಿ ಅದೇ ಕಣ್ಣು ಅಳು ತರಿಸುತ್ತದೆ.

ಹಾಗಾಗಿ ಬಾಲಣ್ಣನನ್ನು ಬರೀ ಹಾಸ್ಯನಟ ಅನ್ನುವುದು ನನಗೆ ಒಪ್ಪಿಗೆಯಿಲ್ಲ. 1954ರ 'ಬೇಡರ ಕಣ್ಣಪ್ಪ'ದಿಂದ ಬೆಳಗಿದ ನರಸಿಂಹರಾಜು ಅಪ್ಪಟ ಹಾಸ್ಯನಟ. ಉಬ್ಬು ಹಲ್ಲು, ಸಣಕಲು ಮೈ ಹೊತ್ತು ಅವರು ಬಂದು ನಿಂತರೇ ಜನ ನಗುತ್ತಿದ್ದರು. ಬಾಲಣ್ಣ ಬಂದರೆ ನಗಬೇಕೋ ಹುಷಾರಾಗಬೇಕೋ ಎಂದು ಎರಡು ನಿಮಿಷ ಗೊತ್ತಾಗುವುದಿಲ್ಲ. ನನಗೆ ಆ ಎರಡು ನಿಮಿಷ ಇಷ್ಟ.

ಕೆಲಸ ಹುಡುಕುತ್ತಿರುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಐವತ್ತರ ದಶಕದ ಕೊನೆಯಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಕನ್ನಡ ಚಿತ್ರಗಳು ಬರುತ್ತಿದ್ದವು, ಕಲಾವಿದರಿಗೆ ಕೆಲಸವಿಲ್ಲ. ಆಗ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಮತ್ತು ಬಾಲಣ್ಣ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರಿಗೆ ಹೋಗಿ ನಾಟಕ ಆಡಿದರು. 1960ರಲ್ಲಿ ತಾವೇ ನಿರ್ಮಾಪಕರಾಗಿ 'ರಣಧೀರ ಕಂಠೀರವ' ತಂದರು. ನಾಲ್ವರು ನಟರ ಸ್ಟಾರ್ಟಪ್ ಅನ್ನಿ ಬೇಕಾದರೆ.

ಆಮೇಲೆ ಬಾಲಣ್ಣ ಒಬ್ಬರೇ ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದರು. ಕನ್ನಡ ಚಿತ್ರಗಳು ಮದ್ರಾಸಿಗೆ ಯಾಕೆ ಹೋಗಬೇಕು, ಇಲ್ಲೇ ಸ್ಟುಡಿಯೊ ಬೇಕು ಅಂತ ಕೆಂಗೇರಿ ಹತ್ತಿರದ ಮೈಲಸಂದ್ರದಲ್ಲಿ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಅಭಿಮಾನ್ ಸ್ಟುಡಿಯೊ ಆರಂಭಿಸಿದರು. ನಾಯಕನಲ್ಲ, ಪೋಷಕ ನಟ. ಸ್ಟುಡಿಯೊ ಅವರು ಬಯಸಿದ ಮಟ್ಟಕ್ಕೆ ಬೆಳೆಯಲಿಲ್ಲ. 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಅಲ್ಲಿ ನಡೆಯಿತು, 2025ರಲ್ಲಿ ಆ ಸಮಾಧಿ ತೆರವಾದಾಗ ಸ್ಟುಡಿಯೊ ಹೆಸರು ಮತ್ತೆ ಸುದ್ದಿಯಾಯಿತು. ಆ ಗಲಾಟೆಯಲ್ಲಿ ಅದನ್ನು ಕಟ್ಟಿದವರು ಯಾರು ಅಂತ ನನ್ನ ರೂಮ್‌ಮೇಟ್‌ಗೆ ನಾನೇ ಹೇಳಬೇಕಾಯಿತು.

ಬಾಲಣ್ಣನ ಉಪಾಯವೆಲ್ಲ ನನಗೆ ಉಪಯೋಗಕ್ಕೆ ಬರುತ್ತದೆಯೇ? ಪ್ಲೇಸ್‌ಮೆಂಟ್ ತರಬೇತಿಯಲ್ಲಿ ನಡೆಯುವ ಗ್ರೂಪ್ ಡಿಸ್ಕಷನ್‌ಗೆ ಬರುವುದಿಲ್ಲ. ಅಲ್ಲಿ ಸ್ಕ್ರಿಪ್ಟ್ ಇರುವುದಿಲ್ಲ. ಹತ್ತು ಜನ ಕೂತು ಮೂವರು ಒಟ್ಟಿಗೆ ಮಾತಾಡುತ್ತಾರೆ. ಯಾರ ತುಟಿ ಅಲುಗುತ್ತಿದೆ ಎಂದು ನಾನು ಹುಡುಕುವಷ್ಟರಲ್ಲಿ ವಿಷಯ ಎಲ್ಲಿಗೋ ಹೋಗಿರುತ್ತದೆ. ಮೊದಲ ಸುತ್ತಿನ ನಂತರ ನನ್ನ ಹಾಳೆಯ ಮೇಲೆ ಇದ್ದ ಷರಾ: 'ಆಸಕ್ತಿ ಕಡಿಮೆ.' ಅದನ್ನು ನೋಡಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಸುತ್ತಿಗೆ ಹತ್ತು ನಿಮಿಷ ಮೊದಲೇ ಹೋಗಿ ಕಿಟಕಿಗೆ ಬೆನ್ನು ಹಾಕಿ ಕೂತೆ. ಬೆಳಕು ಉಳಿದವರ ಮುಖದ ಮೇಲೆ ಬೀಳಲಿ ಅಂತ. ಸೆಟ್ಟಿನಲ್ಲಾದರೂ ಬೆಳಕೆಲ್ಲ ಮುಖದ ಮೇಲೇ ಇರುತ್ತದಲ್ಲ, ಬಾಲಣ್ಣನಿಗೆ ಆ ಒಂದು ಅನುಕೂಲ ಇತ್ತು. 'ಒಬ್ಬರಾದ ಮೇಲೆ ಒಬ್ಬರು ಮಾತಾಡೋಣ' ಎಂದು ಶುರುವಿನಲ್ಲೇ ಹೇಳಿದೆ. ಇಬ್ಬರು ಮುಖ ಸಿಂಡರಿಸಿದರು, ಉಳಿದವರು ಒಪ್ಪಿದರು. ನಾಲ್ಕು ಸಲ ಮಾತಾಡಿದೆ.

ಈಗಿರುವ ತಲೆನೋವು ಕಂಪನಿಗಳ ಅರ್ಜಿಯಲ್ಲಿ ಬರುವ 'ಅಂಗವೈಕಲ್ಯ ಇದೆಯೇ?' ಎಂಬ ಕಾಲಂ. ಸೀನಿಯರ್‌ಗಳು 'ಇಲ್ಲ ಅಂತ ಹಾಕೋ, ಶಾರ್ಟ್‌ಲಿಸ್ಟ್ ಆದ್ಮೇಲೆ ನೋಡ್ಕೊಳ್ಳೋಣ' ಅಂತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ನೌಕರಿಗೆ ಶೇ 4ರ ಮೀಸಲಾತಿ ಇದೆ, ಅದರಲ್ಲಿ ಶೇ 1 ಶ್ರವಣದೋಷ ಇರುವವರಿಗೆ. ಖಾಸಗಿ ಕಂಪನಿಯ ಎಚ್‌ಆರ್ ಮನಸ್ಸಿನಲ್ಲಿ ಏನಿರುತ್ತದೆ ಎಂದು ಹೇಳುವ ಕಾಯ್ದೆ ಮಾತ್ರ ಯಾವುದೂ ಇಲ್ಲ.

ಮುಂದಿನ ಸೆಮಿಸ್ಟರ್‌ಗೆ ಕಂಪನಿಗಳು ಬರುತ್ತವೆ. ಮೊದಲ ಅರ್ಜಿಯಲ್ಲಿ 'ಹೌದು' ಎಂದು ತುಂಬಿದ್ದೇನೆ. ಕೆಳಗೆ ಖಾಲಿ ಇದ್ದ ಜಾಗದಲ್ಲಿ, ಆನ್‌ಲೈನ್ ಸಂದರ್ಶನವಾದರೆ ಪ್ರಶ್ನೆ ಕೇಳುವವರು ದಯವಿಟ್ಟು ಕ್ಯಾಮೆರಾ ಆನ್ ಇಟ್ಟುಕೊಳ್ಳಬೇಕು ಎಂದೂ ಬರೆದಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.